ಸತ್ತವರು ಊಟಕ್ಕೆ ಬರುವ ಭಾನುವಾರ

ಫೆಬ್ರವರಿ 9, ಭಾನುವಾರ

ಇವತ್ತು ನನ್ನ ಅತ್ತೆ ಒಂದು ಪ್ಲಾಸ್ಟಿಕ್ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಪಿಸ್ತೂಲು ಹಿಡಿದು, ಆರು ರಟ್ಟಿನ ಆಳುಗಳಿಗೆ ಗುಂಡು ಹೊಡೆದರು. ವಯಸ್ಸು ಅರವತ್ತೊಂಬತ್ತು. ಬಲಮಂಡಿ ಪೂರ್ತಿ ಸವೆದಿದೆ. ಹೊಡೆದು ಮುಗಿಸಿದ ಮೇಲೆ, ಪಿಸ್ತೂಲನ್ನು ಮಣ್ಣಿನ ದಿಬ್ಬದ ಕಡೆಗೇ ಹಿಡಿದು, ಕತ್ತು ಮಾತ್ರ ಹೊರಳಿಸಿ, ಮದುವೆಮನೆಯಲ್ಲಿ ನೆಂಟರನ್ನು ವಿಚಾರಿಸುವವರ ಹಾಗೆ ಸುತ್ತ ನಿಂತವರನ್ನೆಲ್ಲ ನೋಡಿದರು. "ಬರ್ಲ್, ಬೂಟು ಹೊಸದೇನೋ? ಹೆಂಡ್ತಿಗೆ ಹೇಳಿದ್ಯಾ?" ಎಂದರು. ಜನ ಹೋ ಎಂದು ನಕ್ಕರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಊರಿಗೆಲ್ಲ ಅವರು ಮಿಸ್ ಡೆಲ್ಫಾ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ನನಗೂ ಅವರು ಮಿಸ್ ಡೆಲ್ಫಾನೇ. ತಿಂಗಳ ಎರಡನೇ ಭಾನುವಾರ ಕ್ಲಬ್ಬಿನವರು ಆಪತ್ತಿನ ಸನ್ನಿವೇಶ ಕಟ್ಟಿ ಗುಂಡು ಹೊಡೆಯುವ ಈ ಪಂದ್ಯವನ್ನು ತಪ್ಪಿಸಿದವರಲ್ಲ. "ಸುಮ್ನೆ ನೋಡೋಕಾದ್ರೂ ಬಾರೇ ರೊವೀನಾ" ಎಂದು ಎಳೆದುಕೊಂಡು ಹೋದರು.

ಅಕ್ಟೋಬರ್‌ನಲ್ಲಿ ಆದದ್ದನ್ನು ಒಂದು ಸಲ ಬರೆದುಬಿಡುತ್ತೇನೆ. ಬೆಳಗಿನ ಜಾವ ನಮ್ಮ ಗಾಳದ ಸಾಮಾನಿನ ಅಂಗಡಿ ತೆಗೆದು, ಬಾಗಿಲಿಗೆ ಬೆನ್ನು ಹಾಕಿ, ತೊಟ್ಟಿಯಿಂದ ಎರೆಮೀನು ಎತ್ತುತ್ತಿದ್ದೆ. ತಿರುಗಿದರೆ ಮುಸುಕು ಹಾಕಿದವನೊಬ್ಬ, ಎದೆಗೆ ನೇರವಾಗಿ ಪಿಸ್ತೂಲು. ಗಲ್ಲಾದ ಕೆಳಗೆ, ನನ್ನ ಕೈಗೆ ಎಟಕುವಲ್ಲಿ, ನನ್ನ ಗಂಡ ಗಾರ್ತ್ ಇಟ್ಟಿದ್ದ ಪಿಸ್ತೂಲಿತ್ತು. ನಾನು ನೀರು ಸೋರುವ ಬಲೆ ಹಿಡಿದು ಬೊಂಬೆಯ ಹಾಗೆ ನಿಂತೆ. ಇದ್ದ ದುಡ್ಡನ್ನೆಲ್ಲ ಅವನ ಕಡೆ ತಳ್ಳಿದೆ. ಅವನ ಬೆನ್ನ ಹಿಂದಿನ ಮೇಜಿನಲ್ಲಿ ಮುದುಕ ಎಮೆಟ್ ಕಾಫಿ ಕುಡಿಯುತ್ತ ಕೂತಿದ್ದ. ಅವನು ಎಲ್ಲವನ್ನೂ ನೋಡಿದ.

ಅಂದಿನಿಂದ ಆ ಅಂಗಡಿಯಲ್ಲಿ ಒಬ್ಬಳೇ ನಿಲ್ಲಲು ನನ್ನಿಂದ ಆಗುತ್ತಿಲ್ಲ. ಗಾರ್ತ್ ಲಾರಿ ಹತ್ತಿದರೆ ವಾರಗಟ್ಟಲೆ ಬರುವುದಿಲ್ಲ. ದಿನಾ ಬೆಳಗ್ಗೆ ಮಿಸ್ ಡೆಲ್ಫಾ ಕುಂಟುತ್ತ ಬಂದು ಜೊತೆಗೆ ಕೂರುತ್ತಾರೆ. ಜೂನ್‌ನಲ್ಲಿ ಅವರ ಮಂಡಿಯ ಆಪರೇಷನ್. ಅಷ್ಟರೊಳಗೆ ಐದು ಗಂಟೆಯ ಬಾಗಿಲನ್ನು ನಾನೊಬ್ಬಳೇ ತೆಗೆಯುವಂತಾಗಬೇಕು. ಇಲ್ಲದಿದ್ದರೆ ನನ್ನ ಅಮ್ಮ ಕಟ್ಟಿದ ಅಂಗಡಿಯನ್ನು ಗಾರ್ತ್‌ನ ಚಿಕ್ಕಪ್ಪನ ಮಗನಿಗೆ ಮಾರಬೇಕಾಗುತ್ತದೆ. ಅವನು ಈಗಲೇ ಬಂದು ಗೋಡೆ ಅಳೆದು ಹೋಗಿದ್ದಾನೆ.

ನನಗೆ ಬೇಕಾದದ್ದು ಕೈ ನಡುಗದ ಹಾಗೆ ಮಾಡುವ ತರಬೇತಿ. ಪ್ಲಾಸ್ಟಿಕ್ ಮಗು ಅಲ್ಲ.

ಫೆಬ್ರವರಿ 12, ಬುಧವಾರ

ಹಾಲಿಸ್ ಕ್ರೆಬ್ಸ್ ಅವರ ಬುಧವಾರದ ಪಿಸ್ತೂಲು ತರಗತಿಗೆ ಸೇರಿದೆ. ಶೆರಿಫ್ ಕಚೇರಿಯಲ್ಲಿ ಮೂವತ್ತು ವರ್ಷ ಪೊಲೀಸ್ ಆಗಿದ್ದವರು. ನಗುವುದಿಲ್ಲ. ಅದೇ ನನಗೆ ಹಿಡಿಸಿತು.

"ಮೇಡಂ, ಇದು ಆಟ ಅಲ್ಲ. ಭಾನುವಾರದೋರು ಗಡಿಯಾರ ನೋಡ್ಕೊಂಡು ಹೊಡೀತಾರೆ. ನಾವು ಜೀವ ಉಳಿಸ್ಕೊಳ್ಳೋಕೆ ಹೊಡೀತೀವಿ. ಗಡಿಯಾರ ಯಾರನ್ನೂ ಉಳಿಸಲ್ಲ."

ಹೊಡೆದಾದ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸಿ ನೋಡಬೇಕು, ಇನ್ನೊಬ್ಬ ಇರಬಹುದು ಎಂದರು. ನಾವು ಎಂಟು ಜನ ಸಾಲಾಗಿ ನಿಂತು ಕತ್ತು ತಿರುಗಿಸಿದೆವು. ಮನೆಗೆ ಬಂದು ಕನ್ನಡಿಯ ಮುಂದೆ ಮತ್ತೆ ಮಾಡಿದೆ.

ಫೆಬ್ರವರಿ 20

ಬೀಗ ಮೂರು ಸಲ ನೋಡಿದೆ. ಪಿಸ್ತೂಲು ದಿಂಬಿನ ಪಕ್ಕ. ಸ್ನಾನದ ಮನೆಗೂ ತೆಗೆದುಕೊಂಡು ಹೋದೆ. ನಿದ್ದೆ ಇಲ್ಲ.

ಮಾರ್ಚ್ 1, ಶನಿವಾರ

ಇವತ್ತು ಮಿಸೌರಿಯಲ್ಲಿ ಟ್ರೌಟ್ ಮೀನು ಹಿಡಿಯುವ ಹಂಗಾಮು ಶುರು. ನಸುಕಿನಲ್ಲೇ ಅಂಗಡಿಯ ಮುಂದೆ ಪಿಕಪ್ ಗಾಡಿಗಳ ಸಾಲು. ಪ್ರತಿ ಸಲ ಬಾಗಿಲಿನ ಗಂಟೆ ಕಿಣಿ ಎಂದಾಗಲೂ ನನ್ನ ಕೈ ಸೊಂಟದ ಪಿಸ್ತೂಲಿಗೆ ಹೋಗುತ್ತಿತ್ತು. ಬಂದವರ ಕೈ ಬಿಟ್ಟು ನನಗೆ ಬೇರೇನೂ ಕಾಣುತ್ತಿರಲಿಲ್ಲ. ಒಬ್ಬ ಜೇಬಿಗೆ ಕೈ ಹಾಕಿದ. ನಾನು ಹಿಂದಕ್ಕೆ ಹಾರಿ ಕಾಫಿಯ ಜಗ್ಗು ಬೀಳಿಸಿದೆ. ಅವನು ತೆಗೆದದ್ದು ಕನ್ನಡಕ.

ಮಿಸ್ ಡೆಲ್ಫಾ ನೆಲ ಒರೆಸುತ್ತ, "ಪಾಪ, ಅವ್ನಿಗೆ ಕಾಫಿ ಬೇಡ ಅಂತ ನೆಲಕ್ಕೆ ಕುಡಿಸಿದ್ಯಾ?" ಎಂದರು. ಮೈ ಉರಿಯಿತು. ಆ ಮಂಡಿಯಲ್ಲಿ ಕೂತು ಒರೆಸಿದರು ಎನ್ನುವುದು ಆಮೇಲೆ ಹೊಳೆಯಿತು.

ಎಮೆಟ್ ಈಗಲೂ ಅದೇ ಮೇಜಿನಲ್ಲಿ ಕೂರುತ್ತಾನೆ. ನನ್ನ ಮುಖ ನೋಡುವುದಿಲ್ಲ. ನಾನೂ ಅವನ ಮುಖ ನೋಡುವುದಿಲ್ಲ.

ಮಾರ್ಚ್ 9, ಭಾನುವಾರ

ಪಂದ್ಯಕ್ಕೆ ಇಳಿದೆ. ಚುಚ್ಚುಮಾತು ತಡೆಯಲಾರದೆ ಇಳಿದೆ ಎನ್ನಬೇಕು. "ಬುಧವಾರ ಅಷ್ಟೊಂದು ಕಲೀತೀಯಲ್ಲ, ಒಂದ್ ಸಲ ನಾಲ್ಕ್ ಜನದ ಮುಂದೆ ತೋರ್ಸೇ" ಎಂದರು ಮಿಸ್ ಡೆಲ್ಫಾ.

ಕೈಯಲ್ಲಿ ಡೋನಟ್ ಹಿಡಿದು ಕುರ್ಚಿಯಲ್ಲಿ ಕೂತಿರಬೇಕು. ಬಜರ್ ಆದೊಡನೆ ಎದ್ದು ಹೊಡೆಯಬೇಕು. ನಾನು ಡೋನಟ್ ಬಿಡುವುದನ್ನೇ ಮರೆತು ಅದನ್ನು ಪಿಸ್ತೂಲಿನ ಹಿಡಿಕೆಗೆ ಒತ್ತಿ ಹಿಡಿದು ಹೊಡೆದೆ. ಜಾಮ್ ಮೊಣಕೈವರೆಗೆ ಬಂತು. ಕೊನೆಗೆ ಹಾಲಿಸ್ ಹೇಳಿಕೊಟ್ಟ ಹಾಗೆ ಕತ್ತು ಎಡಕ್ಕೆ, ಬಲಕ್ಕೆ.

"ಏನ್ ಕಾಣ್ತು?" ಮಿಸ್ ಡೆಲ್ಫಾ ಕೇಳಿದರು.

"ಏನ್ ಕಾಣ್ಬೇಕು? ನೋಡ್ದೆ."

"ಬಲಗಡೆ ನಾನು ನಾಲಿಗೆ ಚಾಚ್ಕೊಂಡು ನಿಂತಿದ್ದೆ ಕಣೇ. ಕಾಣ್ಲಿಲ್ವಾ?"

ಕಂಡಿರಲಿಲ್ಲ.

"ಕತ್ತು ತಿರುಗ್ಸಿದ್ರೆ ನೋಡ್ದಂಗಲ್ಲ. ನಂಗೂ ಹಂಗೇ ಆಗ್ತಿತ್ತು. ಅದಕ್ಕೇ ಪ್ರತಿ ಸಲ ಯಾರಿಗಾದ್ರೂ ಏನಾದ್ರೂ ಅಂತೀನಿ. ಟೋಪಿ, ಬೂಟು, ಏನೋ ಒಂದು. ನೋಡ್ದೆ ತಮಾಷೆ ಮಾಡೋಕ್ಕಾಗಲ್ವಲ್ಲ."

ಅಂದರೆ ಆ ನೆಂಟರನ್ನು ವಿಚಾರಿಸುವ ಆಟವೆಲ್ಲ ಇದಕ್ಕೇ! ಇಪ್ಪತ್ತು ವರ್ಷದಿಂದ ಈ ಹೆಂಗಸನ್ನು ಚೆಲ್ಲು ಎಂದುಕೊಂಡಿದ್ದೇನೆ.

ಊಟಕ್ಕೆ ಹುರಿದ ಮೀನು, ಆಲೂಗಡ್ಡೆ ಸಲಾಡ್. ಹೊಡೆಸಿಕೊಂಡ ರಟ್ಟಿನ ಆಳುಗಳ ತೂತುಗಳಿಗೆ ಎಲ್ಲರೂ ಸೇರಿ ಕಾಗದ ಅಂಟಿಸುತ್ತಾರೆ. ಅಂಟಿಸದೆ ಮೊಬೈಲ್ ನೋಡುತ್ತ ನಿಂತವರಿಗೆ ಇಲ್ಲಿ ಮರ್ಯಾದೆಯಿಲ್ಲ. ನಾನು ಅಂಟಿಸಿದೆ. ಕೊನೆಯಿಂದ ಎರಡನೆಯವಳಾಗಿ ಬಂದೆ.

ಏಪ್ರಿಲ್ 2, ಬುಧವಾರ

ಇವತ್ತು ಮಂಡಿಯೂರಿ ಹೊಡೆಯುವುದನ್ನು ಕಲಿತೆವು. ಎದುರಾಳಿಯ ಬೆನ್ನ ಹಿಂದೆ ಬೇರೆಯವರಿದ್ದರೆ ಕೆಳಗೆ ಕೂತು ಮೇಲ್ಮುಖವಾಗಿ ಹೊಡೆಯಬೇಕು. ಆಗ ಗುಂಡು ದಾಟಿದರೂ ಹಿಂದಿನವರ ತಲೆಯ ಮೇಲೆ ಹೋಗುತ್ತದೆ. ಹಾಲಿಸ್ ತಮ್ಮ ಅರವತ್ತು ವರ್ಷದ ಮಂಡಿಯಲ್ಲಿ ಹತ್ತಾರು ಸಲ ಕೂತು ಎದ್ದು ತೋರಿಸಿದರು. ಒಮ್ಮೆಯೂ ಗೊಣಗಲಿಲ್ಲ. ಇಂಥ ತಾಳ್ಮೆ ನನಗೆ ದೇವರು ಕೊಟ್ಟಿಲ್ಲ.

ಭಾನುವಾರ ಹೋದದ್ದನ್ನು ಹೇಳಿದೆ. "ಮಿಸ್ ಡೆಲ್ಫಾಗೆ ಎಲ್ಲಾನೂ ಆಟ" ಎಂದು ಮುಖ ಸಿಂಡರಿಸಿದರು. ಅವರೂ ಒಂದು ಭಾನುವಾರವನ್ನೂ ಬಿಡುವುದಿಲ್ಲ, ಅದನ್ನು ನಾನು ಎತ್ತಲಿಲ್ಲ.

ಏಪ್ರಿಲ್ 13, ಭಾನುವಾರ

ಕೊನೆಯಿಂದ ಐದನೆಯವಳು! ಬರ್ಲ್‌ನ ಮೀಸೆಯಲ್ಲಿ ಮೊಟ್ಟೆ ಅಂಟಿತ್ತು, ಹೊಡೆದು ಮುಗಿಸಿ ಅದನ್ನೇ ಹೇಳಿದೆ. ಜನ ನಕ್ಕರು.

ಮೇ 10, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ.

ನಾಳೆಯ ಪಂದ್ಯದ ಸಜ್ಜು ಮಿಸ್ ಡೆಲ್ಫಾ ಅವರದು. ತಿಂಗಳಿಗೊಬ್ಬರು ತಮ್ಮ ಮನಸ್ಸಿಗೆ ಬಂದ ಸನ್ನಿವೇಶ ಕಟ್ಟುವುದು ಇಲ್ಲಿನ ವಾಡಿಕೆ. ನಾಳೆಯ ಊಟಕ್ಕೆಂದು ಮಾಂಸ, ಕಾಳು ಹಾಕಿ ಬೇಯಿಸಿದ ಚಿಲಿ ಡಬ್ಬಿಯಲ್ಲಿ ತೆಗೆದುಕೊಂಡು ಹೋದರೆ, ಮೈದಾನದಲ್ಲಿ ನನ್ನ ಅಂಗಡಿ ನಿಂತಿದೆ! ಹಲಗೆಯ ಗಲ್ಲಾ. ದನಕ್ಕೆ ನೀರಿಡುವ ತಗಡಿನ ತೊಟ್ಟಿ, ಅದರಲ್ಲಿ ರಬ್ಬರ್ ಮೀನು. ಎದುರಿಗೆ ಮುಸುಕಿನ ರಟ್ಟಿನ ಆಳು. ಅವನ ಹಿಂದೆ ಮೇಜು, ಕುರ್ಚಿಯಲ್ಲಿ ಇನ್ನೊಂದು ರಟ್ಟಿನ ಆಳು, ಕೈಯಲ್ಲಿ ಕಾಫಿ ಲೋಟ, ತಲೆಯ ಮೇಲೆ ಎಮೆಟ್‌ನ ನಿಜವಾದ ಟೋಪಿ.

"ನನ್ನ ಮಾನ ಹರಾಜು ಹಾಕ್ತಿದೀರಾ?" ಎಂದು ಕಿರುಚಿದೆ.

ಅವರು ಸುತ್ತಿಗೆ ಕೆಳಗಿಟ್ಟರು. "ಇಲ್ಲಿ ಸತ್ತೋರು ಮಧ್ಯಾಹ್ನ ಊಟಕ್ಕೆ ಬರ್ತಾರೆ ಕಣೇ. ಅದಕ್ಕೇ ಇಲ್ಲಿ ಕಟ್ದೆ. ಅಂಗಡೀಲಿ ಮತ್ತೊಂದ್ ಸಲ ಮಾಡಿ ನೋಡೋಕ್ಕಾಗಲ್ಲ."

"ನಾನು ಬರಲ್ಲ."

"ಬರ್ಬೇಡ. ಚಿಲಿ ಇಟ್ಟೋಗು."

ಡಬ್ಬಿ ವಾಪಸ್ ತಂದಿದ್ದೇನೆ.

ಮೇ 11, ಭಾನುವಾರ

ಅಮ್ಮಂದಿರ ದಿನ. ಹೋಗುವುದಿಲ್ಲ ಎಂದಿದ್ದವಳು ಚಿಲಿ ಹಾಳಾಗುತ್ತದೆ ಎಂದು ಹೋದೆ. ದೂರದಲ್ಲಿ ಕಾರಿನಲ್ಲೇ ಕೂತೆ. ಆದದ್ದನ್ನೆಲ್ಲ ಬರೆಯಬೇಕು, ಒಂದೂ ಮರೆಯಬಾರದು.

ಮೊದಲು ಬರ್ಲ್. ಈ ಸುತ್ತಮುತ್ತ ಅವನಷ್ಟು ಚುರುಕಿನವನು ಇಲ್ಲ. ಬಾಗಿಲಿಗೆ ಬೆನ್ನು ಹಾಕಿ, ಬಲೆಯಲ್ಲಿ ರಬ್ಬರ್ ಮೀನು ಎತ್ತಿ ನಿಂತ. ಬಜರ್ ಆಯಿತು, ತಿರುಗಿದ, ಕಣ್ಣು ಮಿಟುಕಿಸುವುದರೊಳಗೆ ಎರಡು ಗುಂಡು. ಎರಡೂ ಮುಸುಕಿನವನ ಎದೆಗೆ. ಎರಡೂ ಅವನನ್ನು ದಾಟಿ ಹಿಂದೆ ಕೂತಿದ್ದ ರಟ್ಟಿನ ಎಮೆಟ್‌ನ ಎದೆಗೆ.

ನಿಜವಾದ ಎಮೆಟ್ ಹೊಡೆಯುವವರ ಹಿಂದುಗಡೆ ಮಡಿಸುವ ಕುರ್ಚಿಯಲ್ಲಿ ಕೂತಿದ್ದ. "ಲೋ! ನಾನೇನ್ ತಪ್ಪ್ ಮಾಡ್ದೆ? ಕಾಫಿ ಕುಡೀತಿದ್ದೆ ಅಷ್ಟೇ!" ಎಂದು ಕೂಗಿದ.

ಎಲ್ಲರೂ ನಕ್ಕರು. ನಂತರದವನು ಎಮೆಟ್‌ನ ಭುಜಕ್ಕೆ ಹೊಡೆದ. ಅದರ ನಂತರದವಳು ಹೊಟ್ಟೆಗೆ. ಒಬ್ಬ ಒದ್ದೆ ಕೈ ಜಾರಿ ಪಿಸ್ತೂಲನ್ನು ಒರೆಯಿಂದ ತೆಗೆಯಲೇ ಆಗದೆ ನಿಂತ. ಗುಂಡು ತಗಲಿದಾಗಲೆಲ್ಲ ಮುದುಕ, "ಇನ್ನೆಷ್ಟ್ ಸಲ ಸಾಯ್ಲಿ? ಹೊಟ್ಟೆ ಹಸೀತಿದೆ!" ಎನ್ನುತ್ತಿದ್ದ. ಹೊತ್ತು ಹೋದಂತೆ ನಗು ಕಡಿಮೆಯಾಯಿತು. ಎಮೆಟ್‌ನ ಮೇಲೆ ಅಂಟಿಸಿದ ಕಾಗದ ಹೆಚ್ಚಾಗುತ್ತಿತ್ತು. ನಾನು ಯಾವಾಗ ಕಾರಿನಿಂದ ಇಳಿದೆನೋ ಗೊತ್ತಿಲ್ಲ, ಅಂಟಿಸುವವರ ಜೊತೆ ನಿಂತಿದ್ದೆ.

ಹಾಲಿಸ್ ಬಂದರು. ನೀಟಾಗಿ ಹೊಡೆದರು, ಒಂದೇ ಗುಂಡು. ಆದರೂ ಅದು ಎಮೆಟ್‌ನ ಮೊಣಕೈ ಸವರಿತು. ಹಾಲಿಸ್ ಟೋಪಿ ತೆಗೆದು, ಆ ತೂತನ್ನೇ ನೋಡುತ್ತ ನಿಂತರು. "ಬುಧವಾರ ಹೇಳ್ಕೊಡೋದು ನಾನೇ. ಕೂರೋದು ನೆನಪೇ ಆಗ್ಲಿಲ್ಲ" ಎಂದರು. ಎಲ್ಲರ ಮುಂದೆ ಹೀಗೆ ಒಪ್ಪಿಕೊಳ್ಳಲು ದೊಡ್ಡ ಮನಸ್ಸು ಬೇಕು.

ಬರ್ಲ್ ಬಂದು ನನ್ನ ಪಕ್ಕ ನಿಂತ. "ಇವ್ನು ರಟ್ಟು. ನಿಜವಾದೋನಾಗಿದ್ರೆ ನಾನ್ ತಿರುಗೋದ್ರೊಳಗೇ ನನ್ನ ಮುಗಿಸ್ತಿದ್ದ" ಎಂದು ತಗ್ಗಿದ ದನಿಯಲ್ಲಿ ಹೇಳಿದ.

ಆಮೇಲೆ ಮಿಸ್ ಡೆಲ್ಫಾ. ವಸಂತದ ನಾಲ್ಕು ಪಂದ್ಯಗಳ ಒಟ್ಟು ಅಂಕಕ್ಕೆ ಹಿರಿಯರಿಗೆ ಕೊಡುವ ಬಹುಮಾನದ ಫಲಕವೊಂದಿದೆ. ಏಳು ವರ್ಷದಿಂದ ಅದು ಅವರ ಒಲೆಯ ಮೇಲಿನ ಗೋಡೆ ಬಿಟ್ಟು ಕದಲಿಲ್ಲ. ಈ ಸಲವೂ ಮುಂದೆ ಇದ್ದದ್ದು ಅವರೇ. ಮಂಡಿ ಕೊಯ್ದ ಮೇಲೆ ಮುಂದಿನ ವರ್ಷ ಹೇಗೋ ಏನೋ, ಇದೊಂದು ಸಲ ಗೆಲ್ಲಬೇಕು ಎಂದು ಅವರೇ ಹೇಳಿದ್ದರು.

ಕುಂಟುತ್ತ ಹೋಗಿ ತೊಟ್ಟಿಯ ಹತ್ತಿರ ನಿಂತರು. ಬಲೆ ಎತ್ತಿದರು. ಬಜರ್ ಆಯಿತು.

ತಿರುಗಿದರು. ಅಷ್ಟೇ. ಬಲೆ ಹಿಡಿದು ಸುಮ್ಮನೆ ನಿಂತರು. ನೀರು ತೊಟ್ಟಿಕ್ಕುತ್ತಿತ್ತು.

"ಮಿಸ್ ಡೆಲ್ಫಾ, ಬಜರ್ ಆಯ್ತು" ಎಂದ ಗಡಿಯಾರ ಹಿಡಿದಿದ್ದ ಬರ್ಲ್.

"ಕೇಳಿಸ್ತು ಕಣೋ."

ಇನ್ನೊಂದು ಕೈಯಿಂದ ಗಲ್ಲಾದ ಮೇಲಿನ ಖಾಲಿ ದುಡ್ಡಿನ ಡಬ್ಬಿಯನ್ನು ಮೆಲ್ಲಗೆ ಮುಸುಕಿನವನ ಕಡೆ ತಳ್ಳಿದರು. "ತಗೊಂಡ್ ಹೋಗಪ್ಪ" ಎಂದರು. ಆಮೇಲೆ ಎಂದಿನಂತೆ ಕತ್ತು ಹೊರಳಿಸಿ ನಮ್ಮನ್ನೆಲ್ಲ ನೋಡಿದರು.

"ಎಮೆಟ್, ಬದುಕಿದೀಯಾ?"

"ಬದುಕಿದೀನಿ ಡೆಲ್ಫಾ" ಎಂದ ಮುದುಕ.

ಇಡೀ ದಿನದಲ್ಲಿ ಯಾರಾದರೂ ಬೇಕೆಂದೇ ಎಮೆಟ್‌ನನ್ನು ಉಳಿಸಿದ್ದು ಅದೇ ಮೊದಲು. ಮಿಸ್ ಡೆಲ್ಫಾ ಹೆಸರಿನ ಮುಂದೆ ಸೊನ್ನೆ ಬಿತ್ತು. ಫಲಕ ಹಾಲಿಸ್ ಪಾಲಾಯಿತು.

ಎಮೆಟ್ ಕುರ್ಚಿಯಿಂದ ಎದ್ದು ನನ್ನ ಹತ್ತಿರ ಬಂದ. "ಅವತ್ತು ನೀನೇನಾದ್ರೂ ಕೆಳಗೆ ಕೈ ಹಾಕಿದ್ರೆ ನಾನು ಇವತ್ತಿಗೆ ಮಣ್ಣಲ್ಲಿರ್ತಿದ್ದೆ ಮಗಳೇ. ಹೇಳ್ಬೇಕು ಹೇಳ್ಬೇಕು ಅಂತ ದಿನಾ ಬಂದು ಕೂರ್ತಿದ್ದೆ. ನಾಲಿಗೆ ಹೊರಳ್ಲಿಲ್ಲ. ನೀನ್ ಬೇರೆ ಮುಖಾನೇ ನೋಡಲ್ಲ." ನಾನು ಜೋರಾಗಿ ಅತ್ತೆ. ಯಾರೂ ಸುಮ್ಮನಿರು ಎನ್ನಲಿಲ್ಲ. ಯಾರೋ ಮೂಗು ಒರೆಸಿಕೊಳ್ಳಲು ತೂತು ಮುಚ್ಚುವ ಕಾಗದದ ಸುರುಳಿ ಕೊಟ್ಟರು. ಅದು ಅಂಟಿನ ಕಾಗದ, ಮೂಗಿಗೇ ಹತ್ತಿಕೊಂಡಿತು.

"ಈಗ ನಿನ್ನ ಸರದಿ" ಎಂದರು ಮಿಸ್ ಡೆಲ್ಫಾ.

"ನೀವು ಮಾಡಿದ್ದೇ ಸರಿ ಅಲ್ವಾ? ನಾನೂ ಸುಮ್ನೆ ನಿಲ್ತೀನಿ."

"ಅದನ್ನ ನೀನು ಆಗ್ಲೇ ಮಾಡಾಯ್ತು, ನಿಜವಾಗ್ಲೂ. ಇವತ್ತು ಆಟ. ಇನ್ನೊಂದು ದಾರಿ ಇದ್ಯಾ ನೋಡು."

ತೊಟ್ಟಿಯ ಹತ್ತಿರ ನಿಂತೆ. ನೀರು ಅಂಗಡಿಯ ನೀರಿನಷ್ಟೇ ತಣ್ಣಗಿತ್ತು. ಬಜರ್. ತಿರುಗಿದೆ, ಬಲೆ ಬಿಟ್ಟೆ, ಗಲ್ಲಾದ ಪಕ್ಕಕ್ಕೆ ಮಂಡಿಯೂರಿದೆ. ಬುಧವಾರದ ಮಾತು ಕಿವಿಯಲ್ಲಿತ್ತು. ಮೇಲ್ಮುಖವಾಗಿ ಒಂದು ಗುಂಡು. ಎಲ್ಲರಿಗಿಂತ ನಿಧಾನ. ಕತ್ತು ತಿರುಗಿಸಿದೆ. ಹಾಲಿಸ್ ಕಾಲಿನಲ್ಲಿ ಒಂದು ಕಂದು ಕಾಲುಚೀಲ, ಒಂದು ಕಪ್ಪು.

"ಹಾಲಿಸ್ ಸಾರ್, ಕಾಲುಚೀಲ ಕತ್ತಲಲ್ಲಿ ಹಾಕ್ಕೊಂಡ್ರಾ?"

ಹಾಲಿಸ್ ಕ್ರೆಬ್ಸ್ ನಕ್ಕದ್ದನ್ನು ಇಡೀ ಕ್ಲಬ್ ನೋಡಿತು.

ಮುಸುಕಿನವನ ಎದೆಯಲ್ಲಿ ತೂತು. ರಟ್ಟಿನ ಎಮೆಟ್‌ನ ಮೈಗೆ ಏನೂ ಆಗಿಲ್ಲ. ಟೋಪಿಯ ತುದಿಯಲ್ಲಿ ಮಾತ್ರ ಎರಡು ತೂತು, ಒಳಗೆ ಹೋದದ್ದೊಂದು, ಹೊರಗೆ ಬಂದದ್ದೊಂದು. "ಹೊಸಾದು ಕೊಡ್ಸು!" ಎಂದ ಎಮೆಟ್. ಎಲ್ಲರೂ ಊಟಕ್ಕೆ ಕೂತೆವು. ಚಿಲಿ ಹಾಳಾಗಿರಲಿಲ್ಲ. ಸತ್ತವನು ಮೂರು ಬಟ್ಟಲು ತಿಂದ.

ಅಮ್ಮಂದಿರ ದಿನದ ಹೂವು ತರುವುದನ್ನು ಮರೆತಿದ್ದೆ. ಮಿಸ್ ಡೆಲ್ಫಾ ಅವರಿಗೆ ಹಾಗೆಂದಾಗ, "ಬಿಡೇ, ಸೊನ್ನೆ ಸಿಕ್ತಲ್ಲ" ಎಂದರು. ಇವರ ಹಾಗೆ ಬದುಕುವುದಕ್ಕೆ ಎಷ್ಟು ಜನ್ಮ ಬೇಕೋ!

ಮೇ 13, ಮಂಗಳವಾರ

ಹಾಲಿಸ್ ಕೈಗಾಡಿ, ಪೈಪು, ಪಾನಾ ತೆಗೆದುಕೊಂಡು ಅಂಗಡಿಗೆ ಬಂದರು. ಕೇಳಲಿಲ್ಲ, ಹೇಳಲಿಲ್ಲ. ಮೀನಿನ ತೊಟ್ಟಿಯನ್ನು ಎದುರು ಗೋಡೆಗೆ ತಿರುಗಿಸಿ ಕೂರಿಸಿದರು. ಈಗ ಬಲೆ ಎತ್ತುವಾಗ ಬಾಗಿಲು ನೇರ ಕಾಣುತ್ತದೆ. "ಇದನ್ನ ಮೊದಲ್ನೇ ದಿನಾನೇ ಹೇಳ್ಬೇಕಿತ್ತು ಮೇಡಂ" ಎಂದರು. ಕಾಲುಚೀಲ ಎರಡೂ ಕಪ್ಪು.

ಜೂನ್ 8, ಭಾನುವಾರ

ನಡುಮಧ್ಯದಲ್ಲಿ ಬಂದೆ! ಮೇಲಿನಿಂದ ಎಣಿಸಿದರೂ ಅಷ್ಟೇ, ಕೆಳಗಿನಿಂದ ಎಣಿಸಿದರೂ ಅಷ್ಟೇ. ನಾಳೆ ಮಿಸ್ ಡೆಲ್ಫಾ ಆಸ್ಪತ್ರೆಗೆ.

ಜೂನ್ 11, ಬುಧವಾರ

ಆಪರೇಷನ್ ಚೆನ್ನಾಗಿ ಆಯಿತು. ಗಾರ್ತ್ ಮೊನ್ನೆಯಿಂದ ಆಸ್ಪತ್ರೆಯಲ್ಲೇ ಇದ್ದಾನೆ. ಮೂರು ದಿನದಿಂದ ಐದು ಗಂಟೆಗೇ ಬಾಗಿಲು ತೆಗೆದು ಒಬ್ಬಳದೇ ಕೆಲಸ, ಬರೆಯಲು ಪುರುಸೊತ್ತಿಲ್ಲ. ಜನ ಬರುತ್ತಲೇ ಇದ್ದಾರೆ, ನೀರು ಇಳಿದಿದೆ, ಮೀನು ಚೆನ್ನಾಗಿ ಕಚ್ಚುತ್ತಿದೆಯಂತೆ. ಬಾಗಿಲಿನ ಗಂಟೆಯ ಕೊಂಡಿ ಒಣಗಿ ಕಿರ್ ಎನ್ನುತ್ತಿದೆ, ಎಣ್ಣೆ ಬಿಡಬೇಕು.

ಮಧ್ಯಾಹ್ನ ಮಿಸ್ ಡೆಲ್ಫಾ ಫೋನ್ ಮಾಡಿದರು. "ಬೆಳಗ್ಗೆ ಯಾರ್ಯಾರ್ ಬಂದಿದ್ರು?"

ಹೇಳಿದೆ. ಮೊದಲು ಎಮೆಟ್, ಹಳೇ ತೂತಿನ ಟೋಪಿಯಲ್ಲೇ. ಹೊಸದು ಕೊಡಿಸಿದರೂ ಹಾಕುತ್ತಿಲ್ಲ, ಊರಿಗೆಲ್ಲ ತೂತು ತೋರಿಸುತ್ತ ತಿರುಗುತ್ತಾನೆ. ಆಮೇಲೆ ಕೆಂಪು ಗಾಡಿಯವನು, ಅವನ ನಾಯಿಗೆ ಒಂದು ಕಿವಿ ಇಲ್ಲ. ಆಮೇಲೆ ಮುಸುಕು ಅಂಗಿ ಹಾಕಿದ ಹುಡುಗ, ಪಾಪ ಸೊಳ್ಳೆ ಕಚ್ಚಿ ಕಣ್ಣು ಊದಿತ್ತು, ಮುಲಾಮು ಕೊಟ್ಟೆ. ಆಮೇಲೆ ಇಬ್ಬರು ಅಣ್ಣತಮ್ಮಂದಿರು, ಜಗಳ ಆಡಿಕೊಂಡು ಬಂದು ಜಗಳ ಆಡಿಕೊಂಡೇ ಹೋದರು.

ಅತ್ತಕಡೆ ಮೂಗು ಒರೆಸಿಕೊಂಡ ಸದ್ದು. "ಏನಾಯ್ತು, ನೋವಾ?" ಎಂದೆ.

"ಇಲ್ಲ ಕಣೇ. ಹೇಳ್ತಾ ಹೋಗು" ಎಂದರು. ಮಾತ್ರೆಯ ಅಮಲಿರಬೇಕು, ದನಿ ಒಂಥರಾ ಇತ್ತು.

ಜುಲೈ ಪಂದ್ಯದ ಸಜ್ಜು ನನ್ನದು. ಎಲ್ಲರೂ ಆಸ್ಪತ್ರೆಯ ವಾಕರ್ ಹಿಡಿದುಕೊಂಡೇ ಶುರು ಮಾಡಬೇಕು ಎಂದು ಇಟ್ಟಿದ್ದೇನೆ. ಬರ್ಲ್ ಮುಗ್ಗರಿಸುವುದನ್ನು ನೋಡಬೇಕು.

ಸಂಜೆ ನಾನು ಹಾಲಿಸ್ ಅವರ ತರಗತಿಗೆ ಹೊರಟಾಗ ಸೊಂಟ ಮುಟ್ಟಿಕೊಂಡರೆ ಪಿಸ್ತೂಲಿಲ್ಲ! ಗಾಬರಿಯಾಗಿ ಮನೆಯೆಲ್ಲ ಹುಡುಕಿದೆ. ಕಾರಿನ ಡಿಕ್ಕಿಯಲ್ಲಿ, ಭಾನುವಾರದ ಚೀಲದಲ್ಲೇ ಇದೆ, ಬೀಗ ಹಾಕಿದ್ದು ಹಾಕಿದ ಹಾಗೆ. ಮೂರು ದಿನದಿಂದ ಅಲ್ಲಿಂದ ತೆಗೆದೇ ಇಲ್ಲ. ಎಂಥ ಮರೆವು! ಹಾಲಿಸ್‌ಗೆ ಗೊತ್ತಾದರೆ ಎಲ್ಲರ ಮುಂದೆ ಬೈಯುತ್ತಾರೆ, ಬೈಯಬೇಕಾದದ್ದೇ. ನಾಳೆಯಿಂದ ಹೀಗಾಗಬಾರದು.

ಎಮೆಟ್‌ನ ಕಾಫಿಗೆ ಸಕ್ಕರೆ ಮುಗಿದಿದೆ, ತರಿಸಬೇಕು.